ಬ್ಯಾಟರಿ ಬದಲಿಸುವ ಮೊದಲು ಈ ಹಳದಿ ಮೀಟರ್ ತಗೊಳ್ಳಿ

ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ 230 ರೂಪಾಯಿ ಕೊಟ್ಟು ತಂದ, ವೋಲ್ಟು ಕರೆಂಟು ಅಳೆಯುವ ಡಿಟಿ-830ಡಿ ಮಲ್ಟಿಮೀಟರ್ ಬಗ್ಗೆ ಬರೆಯುತ್ತಿದ್ದೇನೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಹಳದಿ ಬಣ್ಣ, ನಡುವೆ ದುಂಡನೆಯ ತಿರುಗಣೆ, ಕೆಂಪು ಕಪ್ಪು ಎರಡು ವೈರು. ಟಿವಿ ರಿಪೇರಿ ಅಂಗಡಿಯಲ್ಲಿ ನೀವು ನೋಡಿಯೇ ಇರುತ್ತೀರಿ. ಇದೇ ಮಾಡೆಲ್ ಬೇರೆ ಬೇರೆ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತದೆ. ನನ್ನದರ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಬಳಸಿದ್ದೇನೆ. ನನಗೆ ಇದು ಬೇಕಾಗಿದ್ದು ಒಂದೇ ಕೆಲಸಕ್ಕೆ: ಬೆಳಗಿನ ಜಾವ ಕಾರು ಯಾಕೆ ಸ್ಟಾರ್ಟ್ ಆಗುವುದಿಲ್ಲ ಎಂದು ತಿಳಿಯಬೇಕಿತ್ತು.

ನಾನು ಇರುವುದು ಮುಂಬೈಯ ಮುಲುಂಡಿನಲ್ಲಿ. ಊರು ಕುಮಟಾ ಕಡೆ. ಮನೆಯಲ್ಲೇ ಹೋಳಿಗೆ ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ಭಾಂಡುಪ್, ಠಾಣೆ, ಕೆಲವೊಮ್ಮೆ ಘೋಡಬಂದರ್ ರೋಡಿನ ಆಚೆತನಕ. ಕಡಲೆಬೇಳೆ, ಬೆಲ್ಲ ತರಲು ಐರೋಲಿ ಸೇತುವೆ ದಾಟಿ ವಾಶಿಯ ಎಪಿಎಂಸಿ ಮಾರ್ಕೆಟ್ಟಿಗೆ ಹೋಗುತ್ತೇನೆ. ಇದಕ್ಕೆಲ್ಲ ನನ್ನ ಹತ್ತಿರ ಇರುವುದು 2006ರ ಒಂದು ಸಣ್ಣ ಪೆಟ್ರೋಲ್ ಕಾರು. 15 ವರ್ಷ ತುಂಬಿದಾಗ ಫಿಟ್ನೆಸ್ ಮಾಡಿಸಿ ಮತ್ತೆ 5 ವರ್ಷಕ್ಕೆ ರಿಜಿಸ್ಟ್ರೇಶನ್ ಮುಂದುವರಿಸಿಕೊಂಡು ಬಂದಿದ್ದೇನೆ. ಈ ಕಾರು ನನಗೆ ಅಡುಗೆಮನೆಯ ಒಲೆಯಷ್ಟೇ ಮುಖ್ಯ. ಒಲೆ ಹೊತ್ತದಿದ್ದರೆ ಹೋಳಿಗೆ ಇಲ್ಲ. ಕಾರು ಹೊರಡದಿದ್ದರೆ ಮಾಡಿಟ್ಟ ಹೋಳಿಗೆ ಮನೆಯಲ್ಲೇ ಉಳಿಯುತ್ತದೆ.

ಕಾರು ನಿಲ್ಲುವುದು ಸೊಸೈಟಿಯ ಅಂಗಳದಲ್ಲಿ, ಬಯಲಿನಲ್ಲಿ. ಮೇಲೆ ಚಾವಣಿ ಇಲ್ಲ. ಹಿಂದಿನ ವರ್ಷ ಮಳೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ಕೀ ತಿರುಗಿಸಿದರೆ "ಟಕ್" ಎಂದು ಒಂದೇ ಸದ್ದು. ಸೆಲ್ಫ್, ಅಂದರೆ ಎಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಮೋಟರ್, ತಿರುಗುವುದಿಲ್ಲ. ಎರಡು ಮೂರು ಸಲ ಮಾಡಿದರೆ ಒಮ್ಮೆ ಭಾರವಾಗಿ, ನಿದ್ದೆಯಿಂದ ಎದ್ದ ಹಾಗೆ ತಿರುಗಿ, ಸ್ಟಾರ್ಟ್ ಆಗುತ್ತಿತ್ತು. ಇಲ್ಲವೆಂದರೆ ವಾಚ್‌ಮನ್ ಮತ್ತು ಹಾಲಿನ ಹುಡುಗ ಸೇರಿ ತಳ್ಳಬೇಕು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ತಕ್ಷಣ ಸ್ಟಾರ್ಟ್.

ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ಬ್ಯಾಟರಿ ಹೋಗಿದೆ" ಎಂದರು. ಹಳೆಯದನ್ನು ಕೊಟ್ಟು, ಮೇಲೆ 3,600 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರ ಚೆನ್ನಾಗಿತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, 180 ಹೋಳಿಗೆ ಡಬ್ಬಿ ತುಂಬಿ ಡಿಕ್ಕಿಯಲ್ಲಿ ಇಟ್ಟ ಮೇಲೆ, ಮತ್ತೆ ಅದೇ "ಟಕ್". ಆ ದಿನ ಎರಡು ರಿಕ್ಷಾ ಮಾಡಿಕೊಂಡು ಹೋಗಿ ಕೊಟ್ಟು ಬಂದೆ. ಗ್ಯಾರೇಜಿಗೆ ಫೋನ್ ಮಾಡಿದರೆ ಈ ಸಲ, "ಹಾಗಾದರೆ ಸೆಲ್ಫ್ ಇಳಿಸಬೇಕು, 2,500 ಆಗುತ್ತದೆ" ಎಂಬ ಮಾತು. ಅವರು ಒಂದು ಸಲವೂ ಏನನ್ನೂ ಅಳೆದು ನೋಡಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೆ. ದುಡ್ಡು ಹೋಗಲಿ, ಕಾರಣ ಗೊತ್ತಿಲ್ಲದೆ ಒಂದೊಂದೇ ಭಾಗ ಬದಲಿಸುತ್ತಾ ಹೋಗುವುದು ಯಾವ ರಿಪೇರಿ? ಹಿಟ್ಟು ಹದ ತಪ್ಪಿದರೆ ನಾನು ಮೊದಲು ಮುಟ್ಟಿ ನೋಡುತ್ತೇನೆ, ಅಲ್ವಾ? ಡಬ್ಬಿಯಲ್ಲಿರುವ ಮೈದಾ ಎಲ್ಲ ಚೆಲ್ಲಿ ಹೊಸದು ತರುವುದಿಲ್ಲ.

ಮಗಳು ಆಗ ಹತ್ತನೇ ಕ್ಲಾಸು. ಓಮನ ನಿಯಮದ ಲೆಕ್ಕ ಮಾಡುತ್ತಾ ಕೂತಿದ್ದವಳು, "ಆಯಿ, ಒಂದು ಮಲ್ಟಿಮೀಟರ್ ತಂದ್ರೆ ನಾವೇ ನೋಡ್ಲಕ್ಕು" ಎಂದಳು. ಶನಿವಾರ ಇಬ್ಬರೂ ಹೊರಟೆವು. ಮುಲುಂಡಿನಿಂದ ದಾದರ್, ಅಲ್ಲಿ ಪಶ್ಚಿಮ ಲೈನಿಗೆ ಬದಲಿಸಿ ಗ್ರಾಂಟ್ ರೋಡ್. ಸ್ಟೇಶನ್ನಿನಿಂದ ನಡೆದರೆ ಲ್ಯಾಮಿಂಗ್ಟನ್ ರೋಡು ಹತ್ತಿರವೇ. ಇಡೀ ಬೀದಿ ವೈರು, ಬೋರ್ಡು, ಕನೆಕ್ಟರ್, ಮೀಟರುಗಳದ್ದೇ. ಅಂಗಡಿಯವರು ನಾಲ್ಕು ನಮೂನೆ ತೋರಿಸಿದರು. ಡಿಟಿ-830 ಎಂಬ ಹೆಸರಿನ ಕೊನೆಯಲ್ಲಿ ಯಾವ ಅಕ್ಷರ ಇದೆ ನೋಡಿ ಕೊಳ್ಳಬೇಕು. "ಡಿ" ಎಂದು ಇರುವುದರಲ್ಲಿ ಬಜರ್ ಇರುತ್ತದೆ, ವೈರುಗಳ ತುದಿಯ ಎರಡು ಲೋಹದ ಮೊನೆ ಕೂಡಿಸಿದರೆ ಕೀಂ ಎನ್ನುತ್ತದೆ. ನಾವು ಒಂದು ಕೆಲಸ ಮಾಡಿದೆವು. ಅದೇ ಮಾಡೆಲ್ಲಿನ ಮೂರು ಮೀಟರ್ ತೆಗೆಸಿ, ಗಡಿಯಾರಕ್ಕೆ ಹಾಕುವ ಒಂದೇ ಹೊಸ ಸೆಲ್ಲನ್ನು ಮೂರರಲ್ಲೂ ಅಳೆದೆವು. 1.58, 1.57, 1.49. ಒಂದಕ್ಕೊಂದು ಹೊಂದಿದ ಎರಡರಲ್ಲಿ ಒಂದನ್ನು ತಗೊಂಡೆವು. ಅಂಗಡಿಯವರು ಬೇಸರ ಮಾಡಲಿಲ್ಲ. ನೀವೂ ಹೀಗೇ ಮಾಡಿ.

ಈಗ ಮೀಟರ್ ಹೇಗಿದೆ ಎಂಬುದಕ್ಕಿಂತ ಅದು ಏನು ಮಾಡಿತು ಎಂದು ಹೇಳುತ್ತೇನೆ. ಇದನ್ನು ಕೊಂಡು ಸುಮ್ನೆ ಡ್ರಾಯರಿನಲ್ಲಿ ಇಟ್ಟವರೇ ಜಾಸ್ತಿ.

ಮೊದಲು ಎಚ್ಚರಿಕೆಯ ಮಾತು. ಮಗಳು ಬಾನೆಟ್ ಎತ್ತುವ ಮುಂಚೆಯೇ, "ಆಯಿ, ಬಳೆ ತೆಗಿ ಮೊದ್ಲು" ಎಂದಳು. ಸರಿಯಾದ ಮಾತು. 12 ವೋಲ್ಟಿನಿಂದ ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಬಂಗಾರದ ಬಳೆಯೋ ಉಂಗುರವೋ ಬ್ಯಾಟರಿಯ ಪ್ಲಸ್ಸಿಗೂ ಕಾರಿನ ಲೋಹಕ್ಕೂ ಒಟ್ಟಿಗೆ ತಾಗಿದರೆ ನೂರಾರು ಆಂಪಿಯರ್ ಅದರ ಮೂಲಕ ಹರಿಯುತ್ತದೆ. ಬಳೆ ಕೆಂಪಗೆ ಕಾಯುತ್ತದೆ, ಕೈ ಸುಟ್ಟುಹೋಗುತ್ತದೆ. ಸೆರಗು, ವೇಲ್, ಬಿಟ್ಟ ಕೂದಲು ಬೆಲ್ಟ್ ಮತ್ತು ಫ್ಯಾನಿನ ಹತ್ತಿರ ಬರಬಾರದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಅದಕ್ಕೆ ಬೆಂಕಿ ತಾಗಿದರೆ ಸಿಡಿಯುತ್ತದೆ. ಆಯುಧಪೂಜೆಯ ದಿನ ಬಾನೆಟ್ ತೆಗೆದು ಬ್ಯಾಟರಿಯ ಪಕ್ಕ ಊದುಬತ್ತಿ ಸಿಕ್ಕಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಮೀಟರಿನಲ್ಲಿ ಮೂರು ತೂತು ಇವೆ. ಕಪ್ಪು ವೈರು ಯಾವಾಗಲೂ ಕೆಳಗಿನ ಕಾಮನ್ ತೂತಿಗೆ. ಕೆಂಪು ವೈರು ನಡುವಿನದಕ್ಕೆ. ಮೇಲಿನದು 10 ಆಂಪಿಯರ್ ಎಂದು ಬರೆದದ್ದು, ಅದನ್ನು ಮುಟ್ಟಲೇಬೇಡಿ. ಕೆಂಪು ವೈರು ಅಲ್ಲಿದ್ದಾಗ ಮೊನೆಗಳನ್ನು ಬ್ಯಾಟರಿಯ ಎರಡು ತುದಿಗೆ ಇಟ್ಟರೆ ನೇರ ಶಾರ್ಟ್ ಆಗುತ್ತದೆ. ಆ ತೂತಿಗೆ ಒಳಗೆ ಫ್ಯೂಸ್ ಇಲ್ಲ ಎಂದು ನನ್ನ ಮೀಟರಿನ ಮೇಲೆಯೇ ಬರೆದಿದೆ. ಸೆಲ್ಫ್ ಎಳೆಯುವ ಕರೆಂಟನ್ನು ಇದರಲ್ಲಿ ಅಳೆಯುತ್ತೇನೆ ಎಂದು ಹೊರಟರೆ ಮೀಟರ್ ಹೊಗೆಯಾಡುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಕೂಡ ತಿರುಗುವಾಗ ನೂರು ಆಂಪಿಯರ್ ಸುಮಾರಿಗೆ ಎಳೆಯುತ್ತದೆ. ಅದಕ್ಕೇ ಕರೆಂಟನ್ನು ಬಿಟ್ಟು ವೋಲ್ಟನ್ನು ಅಳೆಯಬೇಕು. ತಿರುಗಣೆಯನ್ನು ನೇರ ಕರೆಂಟಿನ (ಡಿಸಿ) 20 ವೋಲ್ಟಿಗೆ ಇಡಿ. ಕಾರಿನ ಹೆಚ್ಚಿನ ಕೆಲಸವೆಲ್ಲ ಅಲ್ಲೇ ಮುಗಿಯುತ್ತದೆ.

ಬೆಳಿಗ್ಗೆ 5 ಗಂಟೆಗೆ, ರಾತ್ರಿಯಿಡೀ ನಿಂತ ಕಾರಿನಲ್ಲಿ ಮೊದಲ ಅಳತೆ. ಬ್ಯಾಟರಿಯ ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು: 12.58. ತುಂಬಿದ ಬ್ಯಾಟರಿ ಕೆಲವು ಗಂಟೆ ನಿಂತ ಮೇಲೆ 12.6ರ ಹತ್ತಿರ ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಬಂದರೆ ಚಾರ್ಜ್ ಮಾಡದೆ ಬೇರೇನೂ ಪರೀಕ್ಷಿಸಬಾರದು. ಈಗಷ್ಟೇ ಓಡಿಸಿ ಬಂದ ಕಾರಿನಲ್ಲಿ ಅಳೆದರೆ ಅಂಕಿ ಮೇಲೆ ತೋರಿಸುತ್ತದೆ, ಅದು ನಿಜವಾದ ಬಲ ಅಲ್ಲ. ಹೆಡ್‌ಲೈಟ್ ಒಂದೆರಡು ನಿಮಿಷ ಹಾಕಿ, ಆರಿಸಿ, ಆಮೇಲೆ ಅಳೆಯಿರಿ.

ನಂತರ ಎಂಜಿನ್ ಹೊತ್ತಿಕೊಳ್ಳದೆ ಬರೀ ತಿರುಗಲಿ ಎಂದು ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಫ್ಯೂಸ್ ಕಿತ್ತೆವು. ಮಗಳು ಕೀ ಹಿಡಿದು ಕೂತಳು. ನಾನು ಮೊನೆಗಳನ್ನು ಬ್ಯಾಟರಿಯ ಮೇಲೆ ಒತ್ತಿ ಹಿಡಿದೆ. "ಹೊಡಿ" ಎಂದೆ. ಸೆಲ್ಫ್ ಭಾರವಾಗಿ ಉರುಳಿತು. ಮೀಟರಿನಲ್ಲಿ 11.5.

ಈ ಅಂಕಿ ನೋಡಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬೇಕಿತ್ತು. ಸೆಲ್ಫ್ ಒಳಗೆ ಜಾಮ್ ಆಗಿದ್ದರೆ ಅದು ವಿಪರೀತ ಕರೆಂಟ್ ಎಳೆದು ಆಗಲೂ ವೋಲ್ಟ್ ಕುಸಿಯಬೇಕಿತ್ತು. ಇಲ್ಲಿ ಬ್ಯಾಟರಿ ಆರಾಮಾಗಿ 11.5ರಲ್ಲಿ ನಿಂತಿದೆ, ಸೆಲ್ಫ್ ಮಾತ್ರ ಹಸಿದಿದೆ. ಅಂದರೆ ಕರೆಂಟ್ ಪೂರ್ತಿ ಹರಿಯುತ್ತಲೇ ಇಲ್ಲ. ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ. ತೋಟಕ್ಕೆ ನೀರು ಬಿಡುವಾಗ ಪೈಪು ಎಲ್ಲೋ ಮಡಚಿಕೊಂಡಿದ್ದರೆ ಟ್ಯಾಂಕಿನ ನೀರು ಇಳಿಯುವುದಿಲ್ಲ, ಗಿಡಕ್ಕೂ ತಲುಪುವುದಿಲ್ಲ, ಹಾಗೆ. 3,600 ರೂಪಾಯಿಯ ಹೊಸ ಬ್ಯಾಟರಿ ಬೇಕಾಗಿರಲಿಲ್ಲ ಎಂದು ಆ ಕ್ಷಣ ನನಗೆ ಅನುಮಾನ ಬಂತು.

ಅಡ್ಡಿ ಎಲ್ಲಿ ಎಂದು ಹುಡುಕುವುದರಲ್ಲೇ ಈ ಮೀಟರಿನ ನಿಜವಾದ ಬೆಲೆ ಇರುವುದು. ನಾವು ಮೊದಲು ದಾರಿ ತಪ್ಪಿದೆವು, ಅದನ್ನೂ ಹೇಳುತ್ತೇನೆ. ಬಜರ್ ಹಾಕಿ ಒಂದೊಂದೇ ಕೇಬಲ್ ಮುಟ್ಟಿ ನೋಡಿದೆವು. ಎಲ್ಲ ಕಡೆ ಕೀಂ ಎಂದಿತು. ಓಮ್, ಅಂದರೆ ಕರೆಂಟಿಗೆ ಇರುವ ಅಡ್ಡಿ, ಅಳೆದೆವು, ಎಲ್ಲ ಕಡೆ ಸೊನ್ನೆಯ ಸುತ್ತಮುತ್ತ. ಎಲ್ಲ ಸರಿ ಇದೆ ಎಂದು ಮೀಟರ್ ಹೇಳಿದ ಹಾಗಾಯಿತು. ಆದರೆ ಹಾಗಲ್ಲ. ದಪ್ಪ ಕೇಬಲ್ಲಿನ ನೂರು ಎಳೆಗಳಲ್ಲಿ ತೊಂಬತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಬಜರ್ ಕೂಗುತ್ತದೆ. ಯಾಕೆಂದರೆ ಮೀಟರ್ ಕಳಿಸುವುದು ತೀರ ಸಣ್ಣ ಕರೆಂಟು. ಆ ಒಂದು ಎಳೆ ಅದಕ್ಕೆ ಸಾಕು. ಸೆಲ್ಫಿಗೆ ಸಾಲುವುದಿಲ್ಲ. ಮಗಳು ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡಿ ತೋರಿಸಿದಳು: 80 ಆಂಪಿಯರ್ ಹರಿಯುವಾಗ 2.2 ವೋಲ್ಟ್ ತಿಂದುಹಾಕಲು 0.0275 ಓಮ್ ಸಾಕು. ನಮ್ಮ ಮೀಟರ್ 200 ಓಮಿನ ರೇಂಜಿನಲ್ಲಿ ತೋರಿಸುವ ಅತಿ ಸಣ್ಣ ಅಂಕಿ 0.1 ಓಮ್. ಅದರ ಕಣ್ಣಿಗೆ ಇದು ಕಾಣುವುದೇ ಇಲ್ಲ.

ಹಾಗಾಗಿ ಕರೆಂಟ್ ಹರಿಯುತ್ತಿರುವಾಗಲೇ, ಸೆಲ್ಫ್ ಹೊಡೆಯುತ್ತಿರುವಾಗಲೇ, ಕೇಬಲ್ಲಿನ ಎರಡು ತುದಿಗೆ ಮೊನೆ ಇಟ್ಟು ವೋಲ್ಟ್ ಅಳೆಯಬೇಕು. ಕೇಬಲ್ ಚೆನ್ನಾಗಿದ್ದರೆ ಎರಡು ತುದಿಗೂ ವ್ಯತ್ಯಾಸ ಇರುವುದಿಲ್ಲ, ಸೊನ್ನೆಯ ಹತ್ತಿರ ತೋರಿಸುತ್ತದೆ. 0.2 ವೋಲ್ಟ್ ತನಕ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಆ ತುಂಡಿನಲ್ಲೇ ಕಳ್ಳ ಕೂತಿದ್ದಾನೆ.

ಪ್ಲಸ್ ಕಡೆಯಿಂದ ಶುರು ಮಾಡಿದೆವು. ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿನ ತನಕ: 0.15. ಸರಿ ಇದೆ. ಈಗ ಮೈನಸ್ ಕಡೆ. ಕಪ್ಪು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ. ಕ್ಲ್ಯಾಂಪಿಗಲ್ಲ, ಅದರ ನಡುವೆ ಇರುವ ಸೀಸದ ಕಂಬಕ್ಕೇ ಒತ್ತಬೇಕು. ಕೆಂಪು ಮೊನೆ ಎಂಜಿನ್ನಿನ ಬರಿಯ ಲೋಹಕ್ಕೆ. "ಹೊಡಿ." 2.3 ವೋಲ್ಟ್!

ನನ್ನ ಕೈ ನಡುಗಿತು. ಖುಷಿಗೆ. ಇಷ್ಟು ದಿನ ಸತಾಯಿಸಿದ್ದು ಒಂದು ಅಂಕಿಯಾಗಿ ಎದುರಿಗೆ ನಿಂತಿತ್ತು. ಅದನ್ನು ತುಂಡು ತುಂಡಾಗಿ ಒಡೆದೆವು. ಕಂಬದಿಂದ ಕ್ಲ್ಯಾಂಪಿಗೆ 0.02. ಕ್ಲ್ಯಾಂಪಿನಿಂದ ಬಾಡಿಯ ಬೋಲ್ಟಿಗೆ 0.08. ಬಾಡಿಯಿಂದ ಎಂಜಿನ್ನಿಗೆ 2.2.

ಎಂಜಿನ್ ರಬ್ಬರ್ ಮೌಂಟಿಂಗಿನ ಮೇಲೆ ಕೂತಿರುತ್ತದೆ. ಬಾಡಿಗೂ ಅದಕ್ಕೂ ಲೋಹದ ಸಂಬಂಧ ಇರುವುದು ಹೆಣೆದ ತಾಮ್ರದ ಒಂದು ಪಟ್ಟಿಯಿಂದ. ಮೆಕ್ಯಾನಿಕರು ಅದನ್ನು ಅರ್ತಿಂಗ್ ಪಟ್ಟಿ ಎನ್ನುತ್ತಾರೆ. ಸೆಲ್ಫ್ ತಿರುಗಿಸಿದ ಕರೆಂಟ್ ಪೂರ್ತಿ ಆ ಪಟ್ಟಿಯ ಮೂಲಕವೇ ಬ್ಯಾಟರಿಗೆ ವಾಪಸ್ ಬರಬೇಕು. ನಮ್ಮದು ಗೇರ್‌ಬಾಕ್ಸಿನ ಹತ್ತಿರ, ಕೆಳಗೆ, ಕೆಸರು ಸಿಡಿಯುವ ಜಾಗದಲ್ಲಿತ್ತು. ಟಾರ್ಚ್ ಬಿಟ್ಟು ನೋಡಿದರೆ ತಾಮ್ರ ಹಸಿರು ಹಿಡಿದು, ಅರ್ಧ ಎಳೆಗಳು ಕಿತ್ತುಹೋಗಿ, ಬೋಲ್ಟಿನ ಕೆಳಗೆ ತುಕ್ಕು. ಕೈ ಹಾಕಿದರೆ ಬೆಚ್ಚಗೆ. ಇಷ್ಟು ಹೊತ್ತು ಸೆಲ್ಫಿಗೆ ಹೋಗಬೇಕಾದ ಶಕ್ತಿ ಅಲ್ಲಿ ಬಿಸಿಯಾಗಿ ಹೋಗಿತ್ತು. ಬ್ಯಾಟರಿ ಬದಲಿಸಿದ ಎರಡು ವಾರ ಯಾಕೆ ಚೆನ್ನಾಗಿತ್ತು ಎಂದು ಆಮೇಲೆ ಯೋಚಿಸಿದೆ. ಹೊಸ ಬ್ಯಾಟರಿಯ ತಳ್ಳುವ ಬಲ ಸ್ವಲ್ಪ ಜಾಸ್ತಿ. ಪಟ್ಟಿ ಇನ್ನಷ್ಟು ಕೆಡುವ ತನಕ ಅದು ಹೇಗೋ ದೂಡಿತು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಆ ಪಟ್ಟಿ ಕೆಟ್ಟಾಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ತಾಗಿರುವ ಬೇರೆ ಲೋಹ ಅಂದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್. ಅವುಗಳ ಮೂಲಕ ಹರಿದರೆ ಕೇಬಲ್ ಕಾಯುತ್ತದೆ, ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯಾಗುತ್ತದೆ. ಸ್ಟಾರ್ಟಿಂಗ್ ತೊಂದರೆಯ ಜೊತೆ ಕ್ಲಚ್ಚೋ ಆಕ್ಸಿಲರೇಟರೋ ಗಟ್ಟಿಯಾಗಿದ್ದರೆ ಅರ್ತಿಂಗ್ ಪಟ್ಟಿಯನ್ನು ಮೊದಲು ನೋಡಿ.

ಖಾತ್ರಿ ಮಾಡಿಕೊಳ್ಳಲು ಕೆಳಗಿನ ಮನೆಯ ಶೆಟ್ಟರ ಜಂಪರ್ ಕೇಬಲ್ ತಂದೆವು. ಕಪ್ಪು ಕೇಬಲ್ ಒಂದನ್ನೇ ಬಳಸಿ ಬ್ಯಾಟರಿಯ ಮೈನಸ್ಸಿನಿಂದ ನೇರ ಎಂಜಿನ್ ಎತ್ತುವ ಕೊಕ್ಕೆಗೆ ಹಾಕಿದೆವು. ಫ್ಯೂಸ್ ವಾಪಸ್ ಸಿಕ್ಕಿಸಿ ಕೀ ತಿರುಗಿಸಿದ ಕೂಡಲೇ ಎಂಜಿನ್ ಹಾರಿ ಎದ್ದಿತು. ಮೀಟರ್ ಇಲ್ಲದವರೂ ಇಷ್ಟನ್ನು ಮಾಡಿ ನೋಡಬಹುದು.

ಹೊಸ ಪಟ್ಟಿ 180 ರೂಪಾಯಿ. ಬೇರೆ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿದೆ. ಬಾಡಿಯ ಬಣ್ಣವನ್ನು ಲೋಹ ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿಸಿದೆ. ಆಮೇಲೆ ಅಳೆದರೆ ಬಾಡಿಯಿಂದ ಎಂಜಿನ್ನಿಗೆ 0.05. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 10.6. ಗಮನಿಸಿ, ರಿಪೇರಿ ಆದ ಮೇಲೆ ಬ್ಯಾಟರಿಯ ವೋಲ್ಟ್ ಮೊದಲಿಗಿಂತ ಕೆಳಗೆ ಬಂತು, 11.5ರಿಂದ 10.6ಕ್ಕೆ. ಅದು ಒಳ್ಳೆಯ ಸುದ್ದಿ. ಈಗ ಸೆಲ್ಫ್ ತನಗೆ ಬೇಕಾದಷ್ಟು ಕರೆಂಟ್ ಎಳೆಯುತ್ತಿದೆ ಎಂದರ್ಥ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.1. 13.8ರಿಂದ 14.5ರ ಒಳಗಿದ್ದರೆ ಡೈನಮೋ ಸರಿಯಾಗಿ ಚಾರ್ಜ್ ಮಾಡುತ್ತಿದೆ.

ಶೆಟ್ಟರ ಕಾರಿನ ಕತೆ ಬೇರೆ. ಅವರು ಹೋಟೆಲ್ ಇಟ್ಟುಕೊಂಡವರು, ಕಾರು ವಾರಕ್ಕೆ ಒಂದು ಸಲ ಹೊರಗೆ ತೆಗೆಯುತ್ತಾರೆ. ತೆಗೆಯುವ ದಿನ ಬ್ಯಾಟರಿ ಸತ್ತಿರುತ್ತದೆ. "ಅಕ್ಕ, ನಿಮ್ಮ ಮೀಟರ್ ಒಮ್ಮೆ ತನ್ನಿ ಮಾರಾಯ್ರೆ" ಎಂದರು. ಅವರ ಕಾರಿನಲ್ಲಿ ಕೀ ತಿರುಗಿಸಿದರೆ ಟಕಟಕಟಕ ಎಂದು ಬಿಡದೆ ಹೊಡೆಯುತ್ತಿತ್ತು. ಈ ಸದ್ದಿಗೆ ಅರ್ಥ ಇದೆ. ಸೊಲಿನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ, ಆಯಸ್ಕಾಂತದಿಂದ ಕೆಲಸ ಮಾಡುವ ಸ್ವಿಚ್ಚು) ಎಳೆದುಕೊಳ್ಳುತ್ತದೆ, ಸೆಲ್ಫಿನ ಭಾರಕ್ಕೆ ವೋಲ್ಟ್ ಕುಸಿಯುತ್ತದೆ, ಸೊಲಿನಾಯ್ಡ್ ಬಿಟ್ಟುಬಿಡುತ್ತದೆ, ವೋಲ್ಟ್ ಮತ್ತೆ ಏರುತ್ತದೆ, ಮತ್ತೆ ಎಳೆಯುತ್ತದೆ. ಸಾಮಾನ್ಯವಾಗಿ ಬ್ಯಾಟರಿ ಖಾಲಿಯಾಗಿದ್ದರೆ ಹೀಗೆ. ನಮ್ಮ ಕಾರಿನ ಹಾಗೆ ಒಂದೇ "ಟಕ್" ಬಂದು ಸುಮ್ಮನಾದರೆ ಕೇಬಲ್, ಅರ್ತಿಂಗ್ ಅಥವಾ ಸೆಲ್ಫಿನ ಕಾರ್ಬನ್ ಬ್ರಶ್ ಕಡೆ ನೋಡಬೇಕು. ಏನೂ ಸದ್ದಿಲ್ಲದಿದ್ದರೆ ಕೀ ಸ್ವಿಚ್ಚು, ರಿಲೇ, ಅದರ ಸಣ್ಣ ವೈರು. ಸೆಲ್ಫ್ ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತದಿದ್ದರೆ ಅದು ಪೆಟ್ರೋಲ್ ಅಥವಾ ಸ್ಪಾರ್ಕಿನ ಮಾತು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಅಲ್ಲಿ ಈ ಮೀಟರಿಗಿಂತ ಒಳ್ಳೆಯ ಮೆಕ್ಯಾನಿಕ್ ಬೇಕು.

ಶೆಟ್ಟರ ಬ್ಯಾಟರಿ ಚಾರ್ಜ್ ಮಾಡಿಸಿದ ಮೇಲೆ, ನಿಂತಾಗ ಅದನ್ನು ಯಾರು ಕುಡಿಯುತ್ತಾರೆ ಎಂದು ಹುಡುಕಿದೆವು. ಎಲ್ಲ ಬಾಗಿಲು ಮುಚ್ಚಿ, ಬೀಗ ಹಾಕಿ, ಬಾನೆಟ್ ಮಾತ್ರ ತೆಗೆದಿಟ್ಟು ಅರ್ಧ ಗಂಟೆ ಬಿಟ್ಟೆವು. ಆಮೇಲೆ ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು, ಒಂದೊಂದು ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗೆ ಮೊನೆ ಇಟ್ಟೆವು. ಫ್ಯೂಸ್ ಕೀಳುವುದೇ ಬೇಡ. ಕರೆಂಟ್ ಹರಿಯದಿದ್ದರೆ ಸೊನ್ನೆ. ಹರಿಯುತ್ತಿದ್ದರೆ ಸಣ್ಣ ಅಂಕಿ ಬರುತ್ತದೆ. ಆರು ಫ್ಯೂಸು 0.0. ಏಳನೆಯದು, 10 ಆಂಪಿಯರಿನದು, 3.1 ಮಿಲಿವೋಲ್ಟ್. ಅದು ಒಳಗಿನ ದೀಪಗಳ ಫ್ಯೂಸು. ಫೋನಿನ ವೀಡಿಯೋ ಶುರುಮಾಡಿ ಡಿಕ್ಕಿಯಲ್ಲಿಟ್ಟು ಮುಚ್ಚಿ ನೋಡಿದರೆ, ಡಿಕ್ಕಿಯ ದೀಪ ಮುಚ್ಚಿದ ಮೇಲೂ ಉರಿಯುತ್ತಿತ್ತು. 5 ವ್ಯಾಟಿನ ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ. 35 ಆಂಪಿಯರ್-ಅವರಿನ ಬ್ಯಾಟರಿ ಮೂರೂವರೆ ದಿನದಲ್ಲಿ ಬರಿದು. ಅವರು ಹೋದ ವರ್ಷದಿಂದ ಎರಡು ಬ್ಯಾಟರಿ ಬದಲಿಸಿದ್ದರು.

ಇನ್ನು ಮೀಟರಿನ ಕುಂದುಗಳು. ಜೊತೆಗೆ ಬಂದ ವೈರುಗಳು ತೀರ ಕಳಪೆ. ಗಡುಸಾಗಿವೆ, ಮಡಚಿದಲ್ಲೇ ನಿಲ್ಲುತ್ತವೆ. ಎಂಟು ತಿಂಗಳಿಗೆ ಕೆಂಪು ವೈರು ಹಿಡಿಯ ಹತ್ತಿರ ಒಳಗೇ ತುಂಡಾಯಿತು. ಬ್ಯಾಟರಿ ಅಳೆದರೆ ಒಮ್ಮೆ 12.5, ಒಮ್ಮೆ ಸೊನ್ನೆ. ಅಂಥ ಅಂಕಿ ಬಂದರೆ ಕಾರನ್ನು ಬೈಯುವ ಮೊದಲು ಎರಡು ಮೊನೆ ಕೂಡಿಸಿ ಬಜರ್ ಹಾಕಿ ವೈರು ಅಲ್ಲಾಡಿಸಿ ನೋಡಿ. ಸಿಲಿಕೋನಿನ ಮೆತ್ತನೆಯ ವೈರು 150 ರೂಪಾಯಿಗೆ ಸಿಕ್ಕಿತು. ಮೀಟರಿನ ಜೊತೆಗೇ ತಂದುಬಿಡಿ. ಒಂದು ಜೊತೆ ಮೊಸಳೆ ಕ್ಲಿಪ್ಪೂ ಇದ್ದರೆ ಕೈ ಬಿಡುವಾಗುತ್ತದೆ.

ಪರದೆಗೆ ಬೆಳಕಿಲ್ಲ. ಬೆಳಗಿನ ಜಾವ ಟಾರ್ಚ್ ಹಿಡಿಯಲು ಇನ್ನೊಬ್ಬರು ಬೇಕು. ಅಂಕಿ ನಿಧಾನ, ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುತ್ತದೆ. ಹಾಗಾಗಿ ಸೆಲ್ಫ್ ಹೊಡೆದ ಮೊದಲ ಕ್ಷಣದ ಕುಸಿತ ಕಾಣುವುದಿಲ್ಲ, ನಾಲ್ಕು ಸೆಕೆಂಡ್ ತಿರುಗಿಸಿ ನಿಂತ ಅಂಕಿ ಓದಬೇಕು. ಪ್ರತಿ ಸಲ ಸೆಲ್ಫಿಗೆ ಒಂದೆರಡು ನಿಮಿಷ ವಿಶ್ರಾಂತಿ ಕೊಡಿ, ಇಲ್ಲವಾದರೆ ಅದು ಕಾಯುತ್ತದೆ. ಎಡಗಡೆ ಬರೀ 1 ಕಂಡರೆ ಗಾಬರಿ ಬೇಡ, ರೇಂಜ್ ಸಾಲಲಿಲ್ಲ ಅಷ್ಟೇ.

ಎಲ್ಲಕ್ಕಿಂತ ಮುಖ್ಯ ಮೀಟರಿನೊಳಗಿನ 9 ವೋಲ್ಟಿನ ಬ್ಯಾಟರಿ. ಅದು ಬಳಲಿದಾಗ ಈ ಮೀಟರ್ ಸುಳ್ಳು ಹೇಳುತ್ತದೆ, ಅದೂ ಮೇಲಿನ ಕಡೆಗೆ. ದೀಪಾವಳಿ ಹೊತ್ತಿಗೆ ನಮ್ಮ ಕಾರು ಚಾರ್ಜಿಂಗಿನಲ್ಲಿ 15.6 ತೋರಿಸಿತು. ಡೈನಮೋ ಬ್ಯಾಟರಿಯನ್ನು ಕುದಿಸುತ್ತಿದೆ ಎಂದು ಹೆದರಿದೆ. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಸಣ್ಣ ಗುರುತು ಮೂಡಿದ್ದು ಮಗಳಿಗೆ ಕಂಡಿತು. ಹೊಸ ಸೆಲ್ ಹಾಕಿದರೆ 14.2. ಮೀಟರ್ ತಾನಾಗಿ ಆರುವುದಿಲ್ಲ, ಕೆಲಸ ಮುಗಿದ ಕೂಡಲೇ ತಿರುಗಣೆಯನ್ನು ಆಫ್‌ಗೆ ತನ್ನಿ.

ಮನೆಯ ಗೋಡೆಯ ಪ್ಲಗ್ಗಿಗೆ ಇದನ್ನು ನಾನು ಹಚ್ಚುವುದಿಲ್ಲ. ಬರೆದಿರುವುದು 750 ವೋಲ್ಟ್ ತನಕ ಎಂದೇ. ಈ ಬೆಲೆಯ ವೈರು, ಈ ತೆಳ್ಳನೆಯ ಪ್ಲಾಸ್ಟಿಕ್ ನಂಬಿ 230 ವೋಲ್ಟ್ ಮುಟ್ಟುವ ಧೈರ್ಯ ನನಗಿಲ್ಲ. ಕಾರಿನ 12 ವೋಲ್ಟಿಗೆ ಮಾತ್ರ. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತಗೊಂಡರೆ ಸೆಲ್ಫಿನ ಕರೆಂಟನ್ನೇ ಅಳೆಯಬಹುದಲ್ಲ ಎಂದು ಶೆಟ್ಟರು ಕೇಳಿದರು. ಅಳೆಯಬಹುದು, ಆದರೆ ಕಡಿಮೆ ಬೆಲೆಯ ಕ್ಲ್ಯಾಂಪುಗಳು ಹೆಚ್ಚಾಗಿ ಮನೆಯ ಎಸಿ ಕರೆಂಟನ್ನಷ್ಟೇ ಓದುತ್ತವೆ. ಡಿಸಿ ಕರೆಂಟ್ ಓದುತ್ತದೆಯೇ ಎಂದು ಕೇಳಿಯೇ ದುಡ್ಡು ಕೊಡಬೇಕು.

ಟರ್ಮಿನಲ್ ಮೇಲೆ ಬಿಳಿ, ಹಸಿರು ಹಿಟ್ಟು ಕಟ್ಟಿದ್ದರೆ ಮೀಟರ್ ತೆಗೆಯುವ ಮೊದಲೇ ತೊಳೆಯಿರಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿದರೆ ನೊರೆ ಬಂದು ಹೋಗುತ್ತದೆ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು, ಮುಚ್ಚಳ ಬಿಗಿ ಇರಲಿ. ಒಣಗಿಸಿ, ಪ್ಲಸ್ ಮೊದಲು, ಮೈನಸ್ ಕೊನೆಗೆ ಬಿಗಿದು, ಮೇಲೆ ವ್ಯಾಸಲಿನ್.

ಮಗಳ ಆ ನೋಟ್‌ಬುಕ್ ಈಗ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದೆ. ತಿಂಗಳಿಗೊಮ್ಮೆ ಮೂರು ಅಂಕಿ ಬರೆಯುತ್ತೇವೆ: ಬೆಳಗಿನ ವೋಲ್ಟು, ಸೆಲ್ಫ್ ಹೊಡೆಯುವಾಗಿನದು, ಎಂಜಿನ್ ಓಡುವಾಗಿನದು. ಹೋದ ಭಾನುವಾರ ಬರೆದದ್ದು 12.55, 10.1, 14.1. ನಡುವಿನ ಅಂಕಿ 10.6ರಿಂದ ಮೆಲ್ಲಗೆ ಇಳಿಯುತ್ತಿದೆ. ಎರಡೂ ಕಡೆಯ ಕೇಬಲ್ 0.2ರ ಒಳಗೇ ಇವೆ, ಅವುಗಳ ತಪ್ಪಲ್ಲ. ಬ್ಯಾಟರಿಗೆ ವಯಸ್ಸಾಗುತ್ತಿದೆಯೋ, ಸೆಲ್ಫಿನ ಬುಶ್ (ಅಚ್ಚು ತಿರುಗುವ ಲೋಹದ ಬಳೆ) ಸವೆದು ಜಾಸ್ತಿ ಎಳೆಯುತ್ತಿದೆಯೋ ನೋಡಬೇಕು. ಶೆಟ್ಟರ ಬ್ಯಾಟರಿಯೂ ಇದೇ ಅಳತೆಯದು. ಬರುವ ಭಾನುವಾರ ಒಂದು ಬೆಳಿಗ್ಗೆ ಅದನ್ನು ನಮ್ಮ ಕಾರಿಗೆ ಹಾಕಿ ಅಳೆಯುತ್ತೇವೆ.